ಕಲಬುರಗಿಯಿಂದ ಹೈದರಾಬಾದ್‌ಗೆ ಹೊರಟಿದ್ದೇವೆ: ಹೋಗುವ ಮೊದಲು ಇಲ್ಲೇ ಮುಗಿಸಬೇಕಾದ ಕೆಲಸ ಯಾವುವು?

ಬ್ರಹ್ಮಪುರದ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ಹೈದರಾಬಾದ್‌ನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಜೂನ್ ಹೊತ್ತಿಗೆ ಮನೆ ಬದಲಿಸಬೇಕು ಅಂತ ಮಾತಾಗಿದೆ. ಮಗಳು ಈಗ 8ನೇ ತರಗತಿ, ಮಗ 4ನೇ ತರಗತಿ. ಇಬ್ಬರೂ ಹುಟ್ಟಿದ್ದು, ಓದಿದ್ದು ಎಲ್ಲಾ ಕಲಬುರಗಿಯಲ್ಲೇ. ಅತ್ತೆ ಅಫಜಲಪುರ ತಾಲೂಕಿನ ನಮ್ಮ ಊರಲ್ಲೇ ಇರುತ್ತಾರೆ. ಹೊಲ ಬಿಟ್ಟು ಬರಲು ಅವರಿಗೆ ಮನಸ್ಸಿಲ್ಲ. ಕೆಎ-32 ನಂಬರಿನ ಕಾರಿದೆ, ಅದರ ಸಾಲ ಇನ್ನೂ ತೀರಿಲ್ಲ.

ಯಾವ ಏರಿಯಾದಲ್ಲಿ ಮನೆ ನೋಡಬೇಕು, ಎಲ್ಲಿ ನೀರು ಚೆನ್ನಾಗಿ ಬರುತ್ತದೆ ಅಂತ ಹೇಳುವವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ನನಗೆ ಬೇಕಾಗಿರುವುದು ಬೇರೆ. ಇಲ್ಲಿಂದ ಹೊರಡುವ ಮೊದಲು ಇಲ್ಲೇ ಏನೇನು ಮುಗಿಸಿಕೊಳ್ಳಬೇಕು? ಹೋದ ಮೇಲೆ ಒಂದೊಂದು ಕಾಗದಕ್ಕೂ ರಜೆ ಹಾಕಿ ಓಡಿ ಬರುವ ಹಾಗೆ ಆಗಬಾರದು. ಎಲ್ಲಕ್ಕಿಂತ ದೊಡ್ಡ ಚಿಂತೆ ಮಕ್ಕಳ 371ಜೆ ಬಗ್ಗೆ, ಅಂದರೆ ನಮ್ಮ ಭಾಗದವರಿಗೆ ಸೀಟು, ಸರ್ಕಾರಿ ಕೆಲಸದಲ್ಲಿ ಸಿಗುವ ಮೀಸಲಾತಿ ಬಗ್ಗೆ. ರಾಜ್ಯ ಬಿಟ್ಟು ಹೋದರೆ ಅದು ಕೈ ತಪ್ಪುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಬೀದರ್ ಮೇಷ್ಟ್ರು

ತಂಗಿ, ಮೊದಲು ಮಗಳ ತರಗತಿ ನೋಡಿ, ಆಮೇಲೆ ಮನೆ ನೋಡಿ. ನಾನು ಹೈಸ್ಕೂಲ್ ಶಿಕ್ಷಕ. ಹೊರರಾಜ್ಯಕ್ಕೆ ಹೋಗುವ ಮಕ್ಕಳಿಗೆ ಟಿಸಿ ಬರೆದು ಕೊಡುವಾಗ ನನಗೆ ಪ್ರತಿ ಸಲ ಇದೇ ಚಿಂತೆ. ತಂದೆ ತಾಯಿ ಸಂಬಳ ಕೇಳಿರುತ್ತಾರೆ, ಬಾಡಿಗೆ ಕೇಳಿರುತ್ತಾರೆ. ಮಗು ಯಾವ ತರಗತಿಯಲ್ಲಿ ರಾಜ್ಯ ಬದಲಿಸುತ್ತಿದೆ ಅನ್ನುವುದರ ಲೆಕ್ಕ ಹಾಕಿರುವುದಿಲ್ಲ.

ಲೆಕ್ಕ ಹೀಗಿದೆ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಕರ್ನಾಟಕದ ಸರ್ಕಾರಿ ಸೀಟು ಕೇಳಬೇಕಾದರೆ ಜಾಸ್ತಿ ಜನ ಬಳಸುವ ದಾರಿ ಒಂದು. ಮಗು 1ನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅದರ ಜೊತೆಗೆ 10ನೇ ತರಗತಿ ಅಥವಾ 12ನೇ ತರಗತಿ, ಎರಡರಲ್ಲಿ ಒಂದನ್ನು ಇಲ್ಲೇ ಪಾಸಾಗಿರಬೇಕು. ಬರೀ 7 ವರ್ಷ ಓದಿದರೆ ಸಾಲದು. ಈ ಎರಡನೆಯ ಮಾತನ್ನು ಬಹಳ ಜನ ಗಮನಿಸುವುದಿಲ್ಲ.

ತೆಲಂಗಾಣದ ಲೆಕ್ಕ ಬೇರೆ. ಅಲ್ಲಿ ಸ್ಥಳೀಯರಿಗೆ ಸೀಟು, ಕೆಲಸ ಮೀಸಲಿಡುವ ಸಂವಿಧಾನದ 371ಡಿ ವಿಧಿ ಇದೆ. ಸ್ಥಳೀಯ ಅಭ್ಯರ್ಥಿ ಅನ್ನಿಸಿಕೊಳ್ಳಲು ಸಾಮಾನ್ಯ ದಾರಿ ಅಂದರೆ 12ನೇ ತರಗತಿಗೆ ಮುಗಿಯುವ ಹಾಗೆ ಸತತ 4 ವರ್ಷ ಅಲ್ಲೇ ಓದಿರಬೇಕು. ಅಂದರೆ 9, 10 ಮತ್ತು ಇಂಟರ್‌ನ (ನಮ್ಮ ಪಿಯುಸಿ ಇದ್ದ ಹಾಗೆ) ಎರಡು ವರ್ಷ. ವೈದ್ಯಕೀಯ ಸೀಟಿಗೂ ಅಲ್ಲಿ ಇದೇ 4 ವರ್ಷದ ನಿಯಮ. ಅದರ ಮೇಲೆ ದಾವೆ ನಡೆದು, 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಯಮವನ್ನೇ ಎತ್ತಿ ಹಿಡಿಯಿತು.

ಈಗ ನಿಮ್ಮ ಮಗಳ ವಿಷಯಕ್ಕೆ ಬನ್ನಿ. ಈ ಜೂನ್‌ನಲ್ಲಿ 9ನೇ ತರಗತಿಗೆ ಅಲ್ಲಿ ಸೇರಿದರೆ, ಇಂಟರ್ ಮುಗಿಯುವ ಹೊತ್ತಿಗೆ ತೆಲಂಗಾಣದ 4 ವರ್ಷ ಪೂರ್ತಿ ಆಗುತ್ತದೆ. ನಡುವೆ ಮನಸ್ಸು ಬದಲಾಗಿ ಪಿಯುಸಿಗೆ ಕಲಬುರಗಿಗೆ ವಾಪಸ್ ಬಂದರೂ ತೊಂದರೆ ಇಲ್ಲ. ಇಲ್ಲಿ ಆಗಲೇ 8 ವರ್ಷ ಓದಿರುತ್ತಾಳೆ, 12ನೇ ತರಗತಿ ಇಲ್ಲಿ ಪಾಸಾಗುತ್ತಾಳೆ. ಎರಡೂ ಕಡೆ ಬಾಗಿಲು ತೆರೆದಿರುತ್ತದೆ.

ಇನ್ನೊಂದು ದಾರಿ, ಎಸ್‌ಎಸ್‌ಎಲ್‌ಸಿ ಇಲ್ಲೇ ಮುಗಿಸಿ ಹೋಗುವುದು. ಆಗ ಕರ್ನಾಟಕದ ಹಕ್ಕು ಗಟ್ಟಿ. 10 ವರ್ಷ ಓದಿ 10ನೇ ತರಗತಿ ಇಲ್ಲೇ ಪಾಸಾಗಿರುವುದರಿಂದ, ಇಂಟರ್ ಹೈದರಾಬಾದ್‌ನಲ್ಲಿ ಓದಿದರೂ ನಮ್ಮ ಸಿಇಟಿಗೆ ಬರಬಹುದು.

ತೊಂದರೆ ಇರುವುದು ಈ ಎರಡರ ನಡುವೆ. 9 ಇಲ್ಲಿ ಮುಗಿಸಿ 10ಕ್ಕೆ ಅಲ್ಲಿಗೆ ಹೋದರೆ ಅಲ್ಲಿ 3 ವರ್ಷ ಮಾತ್ರ ಆಗುತ್ತದೆ. ಇಲ್ಲಿ 9 ವರ್ಷ ಓದಿದ್ದರೂ 10 ಮತ್ತು 12 ಎರಡೂ ಹೊರಗೆ ಪಾಸಾಗಿರುತ್ತವೆ. ಸಿಬಿಎಸ್‌ಇ ಶಾಲೆಯಾದರೆ 10ಕ್ಕೆ ನೇರ ಪ್ರವೇಶವೇ ಕಷ್ಟ. ವರ್ಗಾವಣೆಯಂಥ ಕಾರಣಕ್ಕೆ ದಾಖಲೆ ತೋರಿಸಿ ಬೋರ್ಡಿನ ಒಪ್ಪಿಗೆ ಪಡೆಯಬೇಕು. ಆದ್ದರಿಂದ ನನ್ನ ಮಾತು ಇಷ್ಟೇ: 9ಕ್ಕೆ ಮೊದಲು ಹೋಗಿ, ಇಲ್ಲವೇ 10 ಮುಗಿಸಿ ಹೋಗಿ.

ಸೇಡಂ ರಸ್ತೆ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ ಇದೆ. ಆದರೆ ಕಂಪನಿಯವರು ಮಗಳ 10ನೇ ತರಗತಿ ಮುಗಿಯಲಿ ಅಂತ ಕಾಯುತ್ತಾರಾ? ಕೆಲಸ ಸಿಕ್ಕಾಗ ಹೋಗಲೇಬೇಕು. ಮಕ್ಕಳು ಎಲ್ಲಿದ್ದರೂ ಓದುತ್ತಾರೆ. ಎಲ್ಲಾ ಮಕ್ಕಳೂ ಎಂಜಿನಿಯರ್, ಡಾಕ್ಟರ್ ಆಗಲೇಬೇಕು ಅಂತ ಏನಿಲ್ಲ.

ಬೀದರ್ ಮೇಷ್ಟ್ರು

ಒಪ್ಪುತ್ತೇನೆ ಸರ್, ಕೆಲಸ ಕಾಯುವುದಿಲ್ಲ. ಆದರೆ ತಂದೆ ಮೊದಲು ಹೋಗಿ, ಮನೆ ಮಂದಿ ಎರಡು ವರ್ಷ ತಡವಾಗಿ, ಮಗಳ 10 ಮುಗಿದ ಮೇಲೆ ಹೋಗಬಹುದು ಅಲ್ವಾ? ನಮ್ಮ ಬೀದರ್‌ನಲ್ಲಿ ಎಷ್ಟೋ ಮನೆಯವರು ಹಾಗೇ ಮಾಡುತ್ತಾರೆ. ಗಂಡಸರು ವಾರವಿಡೀ ಹೈದರಾಬಾದ್‌ನಲ್ಲಿ ದುಡಿದು ಶನಿವಾರ ಜಹೀರಾಬಾದ್ ದಾರಿಯಲ್ಲಿ ಮನೆಗೆ ಬರುತ್ತಾರೆ. ಇನ್ನು ಬೇರೆ ಕೋರ್ಸಿನ ಮಾತು. ಆ ಹುಡುಗಿ ಮುಂದೆ ಏನು ಓದುತ್ತಾಳೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಎರಡೂ ದಾರಿ ಉಳಿಸಿಕೊಡಬೇಕು. ಅವಳು ಕೇಳುವ ಹೊತ್ತಿಗೆ ನಾವು ದಾರಿ ಮುಚ್ಚಿರಬಾರದು.

ಬ್ರಹ್ಮಪುರದ ಅಕ್ಕ

ಮೇಷ್ಟ್ರೇ, ತುಂಬಾ ಉಪಕಾರ. 9ನೇ ತರಗತಿಗೆ ಇಷ್ಟು ಮಹತ್ವ ಇದೆ ಅಂತ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಮಗನದು ಹೇಗೆ? ಮತ್ತೆ 371ಜೆ ಬಗ್ಗೆಯೂ ಸ್ವಲ್ಪ ಹೇಳಿ.

ಬೀದರ್ ಮೇಷ್ಟ್ರು

ಮಗ ಚಿಕ್ಕವನು, ಸೀಟಿನ ಲೆಕ್ಕಕ್ಕೆ ಇನ್ನೂ ಸಮಯ ಇದೆ. ಆದರೆ ಕೆಲಸದ ಲೆಕ್ಕ ಬೇರೆ. ತೆಲಂಗಾಣದ ಸರ್ಕಾರಿ ಕೆಲಸಗಳಲ್ಲಿ 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಶೇ 95 ಸ್ಥಳೀಯರಿಗೆ. 1ರಿಂದ 7ನೇ ತರಗತಿ ಒಳಗೆ ಕನಿಷ್ಠ 4 ವರ್ಷ ಎಲ್ಲಿ ಓದಿದ್ದಾನೆ ಅಂತ ನೋಡುತ್ತಾರೆ. ನಿಮ್ಮ ಮಗ ಅಲ್ಲಿ 5, 6, 7 ಓದಿದರೆ 3 ವರ್ಷ ಮಾತ್ರ ಆಗುತ್ತದೆ. ಅಂದರೆ ಸರ್ಕಾರಿ ಕೆಲಸದ ಮಟ್ಟಿಗೆ ಅವನು ನಮ್ಮ ಹುಡುಗನೇ. ಅದಕ್ಕೇ 371ಜೆ ಕಾಗದ ಭದ್ರ ಮಾಡಿ.

371ಜೆ ಬಂದದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರವೂ ಸೇರಿ 7 ಜಿಲ್ಲೆಗೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು. ಇಲ್ಲಿನ ಸರ್ಕಾರಿ ಕೆಲಸದಲ್ಲಿ ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85. ಇದು ಸಣ್ಣ ವಿಷಯ ಅಲ್ಲ. ನಮ್ಮ ಹಿರಿಯರು ವರ್ಷಗಟ್ಟಲೆ ಹೋರಾಡಿ ತಂದದ್ದು.

ಅರ್ಹತಾ ಪತ್ರಕ್ಕೆ ನೋಡುವುದು ಈ ಭಾಗದಲ್ಲಿ ಹುಟ್ಟಿದ್ದು, ಅಥವಾ 2013ರ ಜನವರಿ 1ಕ್ಕಿಂತ ಮೊದಲು 10 ವರ್ಷ ಇಲ್ಲಿ ವಾಸ ಇದ್ದದ್ದು. ತಂದೆ ತಾಯಿಯ ಆಧಾರದ ಮೇಲೂ ಮಕ್ಕಳಿಗೆ ಬರುತ್ತದೆ. ಆದ್ದರಿಂದ ಹೈದರಾಬಾದ್‌ಗೆ ಹೋದ ತಕ್ಷಣ ಅದು ಹೋಗಿಬಿಡುತ್ತದೆ ಅಂತ ಹೆದರಬೇಡಿ. ಆದರೆ ಒಂದು ಮಾತು. ಸಿಇಟಿಯಲ್ಲಿ 371ಜೆ ಸೀಟು ಕೇಳುವ ಮೊದಲು ಕರ್ನಾಟಕದ ಅಭ್ಯರ್ಥಿ ಅಂತ ಅರ್ಹತೆ ಬೇಕು. ನಾನು ಮೇಲೆ ಹೇಳಿದ 7 ವರ್ಷದ ಲೆಕ್ಕ ಅದಕ್ಕೇ.

ಪತ್ರ ಕೊಡುವವರು ಸಹಾಯಕ ಆಯುಕ್ತರು. ಅಫಜಲಪುರದವರಿಗೆ ಕಲಬುರಗಿ ಎಸಿ ಆಫೀಸು. ಚಿಂಚೋಳಿ ಕಡೆಯವರಿಗೆ ಸೇಡಂ. ನಮ್ಮಲ್ಲಿ ಬೀದರ್ ಮತ್ತು ಬಸವಕಲ್ಯಾಣ. ಊರಲ್ಲಿ ವಿಚಾರಣೆ, ತಹಶೀಲ್ದಾರ್ ಕಚೇರಿ ಪರಿಶೀಲನೆ ಎಲ್ಲಾ ಆಗಬೇಕು. ನೀವು ಇಲ್ಲೇ ಇರುವಾಗ ಇದು ಸುಲಭ. ಮನೆ ಖಾಲಿ ಮಾಡಿ ಹೋದ ಮೇಲೆ ವಿಚಾರಣೆಗೆ ಬಂದವರಿಗೆ ಬಾಗಿಲಲ್ಲಿ ಬೀಗ ಕಂಡರೆ ಅರ್ಜಿ ಅಲ್ಲೇ ಕೂರುತ್ತದೆ. ಇಬ್ಬರು ಮಕ್ಕಳದು, ನಿಮ್ಮಿಬ್ಬರದು, ನಾಲ್ಕೂ ಈಗಲೇ ಮಾಡಿಸಿ.

ಲಿಂಗಂಪಲ್ಲಿಯವ

ಅಕ್ಕಾ, ನಾನು ಚಿತ್ತಾಪುರದವನು, ಈಗ ಲಿಂಗಂಪಲ್ಲಿಯಲ್ಲಿ ಇದ್ದೇನೆ. ಮೇಷ್ಟ್ರು ದೊಡ್ಡದೆಲ್ಲ ಹೇಳಿದ್ದಾರೆ. ಶಾಲೆ ಸೇರಿಸುವಾಗಿನ ಮಾತು ನಾನು ಸೇರಿಸುತ್ತೇನೆ.

ಇಲ್ಲಿ ತೆಲುಗು ಜನ ಮನೆತನದ ಹೆಸರನ್ನು ಮೊದಲು ಬರೆಯುತ್ತಾರೆ. ಶಾಲೆಯ ಗುಮಾಸ್ತರು ನಮ್ಮ ಮಕ್ಕಳ ಹೆಸರನ್ನೂ ಅದೇ ರೂಢಿಯಲ್ಲಿ ತಿರುಗಿಸಿ ಬರೆದುಬಿಡುತ್ತಾರೆ. ಅವರು ಬೇಕೆಂದು ಮಾಡುವುದಲ್ಲ. ಆದರೆ 10ನೇ ತರಗತಿ ಅಂಕಪಟ್ಟಿಯಲ್ಲಿ ಹಾಗೇ ಬಂದರೆ, ಕಲಬುರಗಿಯ ಜನನ ಪ್ರಮಾಣಪತ್ರ ಒಂದು ಹೆಸರು ಹೇಳುತ್ತದೆ, ಅಂಕಪಟ್ಟಿ ಇನ್ನೊಂದು ಹೇಳುತ್ತದೆ. ಆಗ 371ಜೆಗೂ ತಾಪತ್ರಯ, ಪಾಸ್‌ಪೋರ್ಟಿಗೂ ತಾಪತ್ರಯ. ಪ್ರವೇಶದ ಫಾರಂ ತುಂಬುವ ದಿನ ಪಕ್ಕದಲ್ಲೇ ನಿಂತು ಒಂದೊಂದು ಅಕ್ಷರ ನೋಡಿ.

ಹೊರಡುವ ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿ. ಕೆಲವದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಆಸ್ಪತ್ರೆಯಿಂದ ಹೆಸರಿಡುವ ಮೊದಲೇ ನೋಂದಣಿ ಆಗಿರುತ್ತದೆ. ಹೆಸರು ಸೇರಿಸುವುದಕ್ಕೆ 15 ವರ್ಷದ ಮಿತಿ ಇದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗಂತೂ ಶಾಲೆ ಪ್ರವೇಶದಿಂದ ಹಿಡಿದು ಎಲ್ಲಕ್ಕೂ ಇದೇ ಮೂಲ ದಾಖಲೆ. ನಿಮ್ಮ ಮಕ್ಕಳು ಅದಕ್ಕಿಂತ ಮೊದಲಿನವರು. ಆದರೂ ಸರಿ ಇಟ್ಟುಕೊಳ್ಳಿ.

ಟಿಸಿ ತೆಗೆದುಕೊಂಡಾಗ ಬಿಇಒ ಕಚೇರಿಯ ಮೇಲುಸಹಿ ಹಾಕಿಸಿ. ಹೊರರಾಜ್ಯದ ಶಾಲೆಗಳು ಅದನ್ನು ಕೇಳುತ್ತವೆ. ಯುಡೈಸ್ ಅನ್ನುವ ಶಾಲಾ ಮಾಹಿತಿ ಜಾಲದಲ್ಲಿ ಮಗುವಿಗೆ ಒಂದು ಶಾಶ್ವತ ಸಂಖ್ಯೆ ಇರುತ್ತದೆ, ಪೆನ್ ಅಂತಾರೆ. ಅದನ್ನು ಬರೆಸಿಕೊಳ್ಳಿ. ಹಳೆ ಶಾಲೆಯವರು ಅದರಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಇಲ್ಲಿನ ಶಾಲೆ ಸೇರಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು, ತೆಲುಗು. 2018ರ ಕಾಯ್ದೆ ಪ್ರಕಾರ ಇಲ್ಲಿ ಎಲ್ಲಾ ಬೋರ್ಡಿನ ಶಾಲೆಗಳಲ್ಲೂ ತೆಲುಗು ಕಲಿಸಲೇಬೇಕು. 4ನೇ ತರಗತಿಯ ಹುಡುಗ ಬೇಗ ಹಿಡಿದುಕೊಳ್ಳುತ್ತಾನೆ, ನಮ್ಮ ಲಿಪಿಗೂ ಅದಕ್ಕೂ ಜಾಸ್ತಿ ದೂರ ಇಲ್ಲ. 9ಕ್ಕೆ ಬರುವ ಹುಡುಗಿಗೆ ಕಷ್ಟ ಆಗಬಹುದು. ಬೇಸಿಗೆ ರಜೆಯಲ್ಲೇ ಅಕ್ಷರ ಕಲಿಸಿ. ಹೊರರಾಜ್ಯದಿಂದ ಬಂದವರಿಗೆ ವಿನಾಯಿತಿಗೆ ಅವಕಾಶ ಇದೆಯೇ ಅಂತ ಶಾಲೆಯಲ್ಲೇ ಮೊದಲ ದಿನ ಕೇಳಿ.

ಬೀದರ್ ಮೇಷ್ಟ್ರು

ಇವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಟಿಸಿ ಜೊತೆಗೆ 1ರಿಂದ 8ರವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನೂ ಬೇರೆಯಾಗಿ ತೆಗೆದುಕೊಳ್ಳಿ, ಅದಕ್ಕೂ ಮೇಲುಸಹಿ ಹಾಕಿಸಿ. ನಾಳೆ 7 ವರ್ಷ ಓದಿದ್ದಕ್ಕೆ ಸಾಕ್ಷಿ ಅದೇ. ಸಣ್ಣ ಖಾಸಗಿ ಶಾಲೆಗಳು ಕೆಲವು ಮುಚ್ಚಿಹೋಗುತ್ತವೆ. ಆಮೇಲೆ ದಾಖಲೆ ಹುಡುಕುವುದು ತುಂಬಾ ಕಷ್ಟ.

ಮನೆಯಲ್ಲಿ ಕನ್ನಡ ಓದು ಬರಹ ಬಿಡಿಸಬೇಡಿ. ಮಾತಾಡಿದರೆ ಸಾಲದು, ಬರೆಸಿ. ಹೊರನಾಡು ಕನ್ನಡಿಗರ ಕಲಂನಲ್ಲಿ ಸಿಇಟಿಗೆ ಬರುವ ಮಕ್ಕಳಿಗೆ ಕನ್ನಡ ಭಾಷಾ ಪರೀಕ್ಷೆ ಇದೆ. ರಾಜ್ಯದ ಸರ್ಕಾರಿ ಕೆಲಸಕ್ಕೂ ಕಡ್ಡಾಯ ಕನ್ನಡ ಪರೀಕ್ಷೆ ಇದೆ. ಕಾಚಿಗುಡದಲ್ಲಿ ನಮ್ಮವರು ನಡೆಸುವ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. 1956ರವರೆಗೂ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು. ಆ ಊರಲ್ಲಿ ಕನ್ನಡದ ಬೇರು ಹಳೆಯದು. ಮನೆ ಹಿಡಿದ ಮೇಲೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಯಾದಗಿರಿಯಿಂದ ಪುಣೆಗೆ

ನಾವು ಪುಣೆಗೆ ಹೋದವರು. ಮಹಾರಾಷ್ಟ್ರದ ಕಡೆ ಹೊರಟವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಬರೆಯುತ್ತೇನೆ. ಅಲ್ಲಿ ಲೆಕ್ಕ ಇನ್ನೂ ಬಿಗಿ. ರಾಜ್ಯದ ಸೀಟಿಗೆ ಜಾಸ್ತಿ ಜನ ಹೋಗುವ ದಾರಿಯಲ್ಲಿ 10 ಮತ್ತು 12 ಎರಡೂ ಮಹಾರಾಷ್ಟ್ರದಲ್ಲಿ ಪಾಸಾಗಬೇಕು. ಅದರ ಮೇಲೆ ಅಲ್ಲೇ ಹುಟ್ಟಿರಬೇಕು, ಇಲ್ಲವೇ ಡೊಮಿಸೈಲ್ (ವಾಸದ ಪ್ರಮಾಣಪತ್ರ) ಬೇಕು. ಡೊಮಿಸೈಲ್‌ಗೆ 15 ವರ್ಷದ ವಾಸ ಕೇಳುತ್ತಾರೆ. ಯಾದಗಿರಿಯಲ್ಲಿ ಹುಟ್ಟಿ 9ನೇ ತರಗತಿಗೆ ಪುಣೆಗೆ ಬಂದ ಹುಡುಗನಿಗೆ 15 ವರ್ಷ ಎಲ್ಲಿಂದ ಬರಬೇಕು? ಅದಕ್ಕೇ ನಮ್ಮ ಮನೆಯಲ್ಲಿ ದೊಡ್ಡವನ ಎಸ್‌ಎಸ್‌ಎಲ್‌ಸಿ ಊರಲ್ಲಿ ಅಜ್ಜಿ ಹತ್ತಿರ ಇದ್ದೇ ಮುಗಿಯಿತು, ಆಮೇಲೆ ಕರೆಸಿಕೊಂಡೆವು.

ನಮ್ಮ ಸಿಇಟಿಯಲ್ಲಿ ಗಡಿನಾಡಿನ ಕಲಂ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಮಹಾರಾಷ್ಟ್ರದಲ್ಲಿ ಅದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳಿಗೆ. ಪುಣೆ ಅದರಲ್ಲಿ ಬರುವುದಿಲ್ಲ.

ಬಾಡಿಗೆ ಕರಾರು ಅಲ್ಲಿ ನೋಂದಣಿ ಆಗಲೇಬೇಕು, 1999ರ ಬಾಡಿಗೆ ಕಾಯ್ದೆಯಲ್ಲೇ ಇದೆ. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದು. ಸುಮ್ನೆ ಛಾಪಾ ಕಾಗದದ ಮೇಲೆ ಬರೆದುಕೊಟ್ಟರೆ ಒಪ್ಪಿಕೊಳ್ಳಬೇಡಿ. ವಿಳಾಸದ ಪುರಾವೆಗೆ ನಿಮಗೂ ಅದೇ ಬೇಕಾಗುತ್ತದೆ.

ತಾಂಡಾದ ಹುಡುಗ

ಜಾತಿ ಪ್ರಮಾಣಪತ್ರದ ಮಾತು ಯಾರೂ ಎತ್ತಿಲ್ಲ. ನಾನು ಲಂಬಾಣಿ ಸಮುದಾಯದವನು, ಕಲಬುರಗಿ ಜಿಲ್ಲೆಯ ತಾಂಡಾದವನು. ನಮ್ಮ ಜನ ದುಡಿಯಲು ಹೈದರಾಬಾದ್, ಪುಣೆ, ಮುಂಬೈ ಎಲ್ಲಾ ಕಡೆ ಹೋಗುತ್ತಾರೆ. ನಾವು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ತೆಲಂಗಾಣದಲ್ಲಿ ಇದೇ ಸಮುದಾಯ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಅಜ್ಜನ ಮೊಮ್ಮಕ್ಕಳು ಮೂರು ರಾಜ್ಯದಲ್ಲಿ ಮೂರು ಪಟ್ಟಿಯಲ್ಲಿ ಇದ್ದಾರೆ.

ಹೊಸದಾಗಿ ಹೋದವರು ಅಂದುಕೊಳ್ಳುತ್ತಾರೆ, ಅಲ್ಲಿ ಹೋದರೆ ಅಲ್ಲಿನ ಪಟ್ಟಿಯ ಸೌಲಭ್ಯ ಸಿಗುತ್ತದೆ ಅಂತ. ಸಿಗುವುದಿಲ್ಲ. 1990ರಲ್ಲೇ ಮರ‍್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ವಲಸೆ ಹೋದವರ ಜೊತೆ ಅದು ಹೋಗುವುದಿಲ್ಲ. ಹೋದ ರಾಜ್ಯದಲ್ಲಿ ತಂದೆಯ ಮೂಲ ಪತ್ರ ತೋರಿಸಿದರೆ ವಲಸೆ ಹೋದವರಿಗೆ ಕೊಡುವ ಪ್ರಮಾಣಪತ್ರ ಸಿಗುತ್ತದೆ. ಆದರೆ ಅದರಲ್ಲಿ ಬರೆದಿರುವುದು ಮೂಲ ರಾಜ್ಯದ ಜಾತಿ. ಕೇಂದ್ರದ ಕೆಲಸಕ್ಕೂ ಮೂಲ ರಾಜ್ಯದ ಪಟ್ಟಿಯೇ ಲೆಕ್ಕ.

ಹಾಗಾಗಿ ಯಾವ ಸಮುದಾಯದವರೇ ಇರಲಿ, ನಾಡಕಚೇರಿಯಿಂದ ಆರ್‌ಡಿ ನಂಬರ್ ಇರುವ ಜಾತಿ ಪ್ರಮಾಣಪತ್ರ ಮಕ್ಕಳ ಹೆಸರಲ್ಲೂ, ತಂದೆ ಹೆಸರಲ್ಲೂ ಮಾಡಿಸಿಕೊಂಡೇ ಹೊರಡಿ. 2ಎ, 3ಬಿ ಅನ್ನುವ ನಮ್ಮ ಪ್ರವರ್ಗಗಳು ಹೊಸ ರಾಜ್ಯದಲ್ಲಿ ನಡೆಯುವುದಿಲ್ಲ. ಆದರೆ ವಾಪಸ್ ಬಂದಾಗ ಬೇಕು. ನನ್ನ ದೊಡ್ಡಪ್ಪನ ಮಗಳು ಹೊರಗೆ ಹುಟ್ಟಿ ಬೆಳೆದವಳು. ಅವಳಿಗೆ ಇಲ್ಲಿ ಪತ್ರ ಮಾಡಿಸುವಾಗ ದೊಡ್ಡಪ್ಪನ ಹಳೆ ಟಿಸಿ ಒಂದೇ ಆಸರೆ ಆಯಿತು. ಆ ಹಳೆ ಕಾಗದಗಳನ್ನು ಟ್ರಂಕಿನಲ್ಲಿ ಬಿಡಬೇಡಿ, ಪ್ರತಿ ಮಾಡಿಸಿ ಜೊತೆಗೆ ಇಟ್ಟುಕೊಳ್ಳಿ.

ಚಿಂಚೋಳಿ ಕಾಕಾ

ತಂಗಿ, ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಹೊಲ ಯಾರ ಹೆಸರಲ್ಲಿದೆ? ಪಹಣಿ ತೆಗೆಸಿ ನೋಡಿ. ನಮ್ಮ ಕಡೆ ಅರ್ಧಕ್ಕರ್ಧ ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇವೆ. ನಿಮ್ಮದೂ ಹಾಗಿದ್ದರೆ ಪೌತಿ ಖಾತೆ ಈಗಲೇ ಮಾಡಿಸಿ. ಅಣ್ಣತಮ್ಮಂದಿರೆಲ್ಲ ಊರಲ್ಲಿ ಸಿಗುವಾಗ ಆಗುವ ಕೆಲಸ ಅದು. ಒಬ್ಬೊಬ್ಬರು ಒಂದೊಂದು ರಾಜ್ಯಕ್ಕೆ ಹೋದ ಮೇಲೆ ಸಹಿ ಕೂಡಿಸುವುದು ಸುಲಭ ಅಲ್ಲ.

ಪಹಣಿಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ ಇದೆಯಾ ನೋಡಿ. ಭೀಮಾ ನದಿ ಉಕ್ಕಿ ತೊಗರಿ, ಹತ್ತಿ ಹೋದಾಗ ಪರಿಹಾರ ಬರುವುದು ಆ ಐಡಿ ಮೇಲೆ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ಏನು ಬರೆದಿದ್ದಾರೆ ಅಂತಲೂ ವರ್ಷಾವರ್ಷ ನೋಡಬೇಕು. ಹೊಲ ಪಾಲಿಗೆ ಕೊಟ್ಟು ಹೋದವರು ಇದನ್ನು ಮರೆಯುತ್ತಾರೆ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಮಾತು. ಸರ್ಕಾರದ ಹಣ ನೇರವಾಗಿ ಬರುವುದು ಆಧಾರ್‌ಗೆ ಜೋಡಿಸಿದ ಒಂದೇ ಖಾತೆಗೆ. ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಿಸುತ್ತೀರೋ ಅಲ್ಲಿಗೆ. ಹೈದರಾಬಾದ್‌ನಲ್ಲಿ ಹೊಸ ಖಾತೆ ತೆರೆಯುವಾಗ ಫಾರಂನಲ್ಲಿ ಅದಕ್ಕೂ ಒಪ್ಪಿಗೆ ಕೇಳಿರುತ್ತಾರೆ. ನೋಡದೆ ಸಹಿ ಹಾಕಿದರೆ ಪಿಎಂ ಕಿಸಾನ್ ಹಣ, ಬೆಳೆ ಪರಿಹಾರ ಎಲ್ಲಾ ಆ ಹೊಸ ಖಾತೆಗೆ ಹೋಗುತ್ತದೆ. ಊರಲ್ಲಿ ಅತ್ತೆ ಹಳೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆಯುತ್ತಾರೆ. ಅತ್ತೆಯ ಖಾತೆ ಅತ್ತೆಗೇ ಇರಲಿ, ಅದನ್ನು ಮುಟ್ಟಬೇಡಿ. ಅವರ ಮೊಬೈಲ್ ನಂಬರ್ ಆಧಾರ್‌ನಲ್ಲಿ ಚಾಲ್ತಿ ಇದೆಯಾ ಅಂತ ಮಾತ್ರ ನೋಡಿ.

ಅವರ ಆಧಾರ್ ವಿಳಾಸವನ್ನೂ ಬದಲಿಸಬೇಡಿ, ಅವರು ಇರುವುದೇ ಇಲ್ಲಿ. ಶಕ್ತಿ ಬಸ್ಸಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಪಿಂಚಣಿ, ಗೃಹಲಕ್ಷ್ಮಿಯ 2000 ರೂಪಾಯಿ, ಆರೋಗ್ಯ ಕಾರ್ಡು ಎಲ್ಲಾ ಈ ರಾಜ್ಯದ್ದೇ. ಎದೆನೋವು ಬಂದರೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಹೈದರಾಬಾದ್‌ಗೆ ಕರೆದುಕೊಂಡು ಹೋಗಿ ತೋರಿಸೋಣ ಅಂತ ಹೊತ್ತು ಕಳೆಯಬೇಡಿ. ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗಬೇಕು ಅಂತ ಊರಲ್ಲಿ ಒಬ್ಬರಿಗೆ ಮೊದಲೇ ಹೇಳಿ ಇಡಿ.

ಬ್ರಹ್ಮಪುರದ ಅಕ್ಕ

ಕಾಕಾ, ಹೊಲ ಇನ್ನೂ ಮಾವನವರ ಹೆಸರಲ್ಲೇ ಇದೆ. ಅವರು ತೀರಿ ನಾಲ್ಕಾರು ವರ್ಷ ಆಯಿತು. ನಾಳೆಯೇ ಮನೆಯವರಿಗೆ ಹೇಳುತ್ತೇನೆ.

ಸುರಪುರದ ತಮ್ಮ

ನಮ್ಮದು ಬೇರೆ ತರಹ. ಅಪ್ಪ ಅವ್ವ ಬೇಸಿಗೆಯಲ್ಲಿ ಹೈದರಾಬಾದ್‌ಗೆ ಕಟ್ಟಡ ಕೆಲಸಕ್ಕೆ ಹೋಗಿ ಮಳೆಗಾಲಕ್ಕೆ ವಾಪಸ್ ಬರುತ್ತಾರೆ. ತಂಗಿ ಅಜ್ಜಿ ಹತ್ತಿರ ಇರುತ್ತಾಳೆ. ರೇಷನ್ ಅಲ್ಲಿ ತಗೊಂಡರೆ ಊರಲ್ಲಿ ಕಾರ್ಡು ಕಟ್ಟಾಗುತ್ತಾ?

ಲಿಂಗಂಪಲ್ಲಿಯವ

ಕಟ್ಟಾಗುವುದಿಲ್ಲ ತಮ್ಮಾ. ಒಂದು ದೇಶ ಒಂದು ಪಡಿತರ ಚೀಟಿ ಈಗ ಎಲ್ಲಾ ರಾಜ್ಯದಲ್ಲೂ ಇದೆ. ಕಾರ್ಡ್ ನಂಬರ್ ಇಲ್ಲವೇ ಆಧಾರ್ ನಂಬರ್ ಹೇಳಿ, ಬೆರಳು ಒತ್ತಿದರೆ ಇಲ್ಲಿನ ಅಂಗಡಿಯಲ್ಲಿ ಕೊಡುತ್ತಾರೆ. ಅಪ್ಪ ಅವ್ವ ತಮ್ಮ ಪಾಲು ಇಲ್ಲಿ, ಅಜ್ಜಿ ಮತ್ತು ತಂಗಿ ಉಳಿದ ಪಾಲು ಅಲ್ಲಿ ತೆಗೆದುಕೊಳ್ಳಬಹುದು. ಆದರೆ ಇಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ಕರ್ನಾಟಕ ತನ್ನ ಕಡೆಯಿಂದ ಕೊಡುವ ಹೆಚ್ಚುವರಿ ಪಾಲು ಇಲ್ಲಿ ಸಿಗುವುದಿಲ್ಲ. ತಂಗಿಗೆ ಟಿಸಿ ತೆಗೆಯಬೇಡಿ, ಹಾಜರಿ ತಪ್ಪಿಸಬೇಡಿ. ಅಜ್ಜಿಗೆ ಮೇಷ್ಟ್ರ ಫೋನ್ ನಂಬರ್ ಕೊಡಿಸಿ, ಏನಾದರೂ ಆದರೆ ಮಾತಾಡಲಿ.

ಸೇಡಂ ರಸ್ತೆ

ಕಾರಿನ ಬಗ್ಗೆ ನನ್ನ ಅಭಿಪ್ರಾಯ: ಸುಮ್ನೆ ಇದ್ದುಬಿಡಿ. ಹೈದರಾಬಾದ್‌ನಲ್ಲಿ ಕೆಎ-32, ಕೆಎ-38 ಗಾಡಿಗಳು ಎಷ್ಟು ಓಡಾಡುತ್ತಿಲ್ಲ? ತಿಂಗಳಿಗೆ ಒಮ್ಮೆ ಊರಿಗೆ ಬರುತ್ತೀರಿ. ಯಾರು ಕೇಳುತ್ತಾರೆ?

ಆರ್‌ಟಿಒ ಕೆಲಸ ಗೊತ್ತಿರುವವ

ಸರ್, ಈ ಸಲಹೆ ಬೇಡ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟರೆ ಅಲ್ಲಿನ ನಂಬರ್ ತೆಗೆದುಕೊಳ್ಳಬೇಕು. ಆ ಗಾಡಿಗಳಲ್ಲಿ ಬಹಳಷ್ಟು ಬಂದು ಹೋಗುವವರದು, ಅದಕ್ಕೆ ತೊಂದರೆ ಇಲ್ಲ. ಇವರು ಅಲ್ಲೇ ವಾಸ ಮಾಡುವವರು. ತಪಾಸಣೆಯಲ್ಲಿ ಸಿಕ್ಕರೆ ತೆರಿಗೆ, ದಂಡ ಎರಡೂ ಬೀಳುತ್ತದೆ.

ಅಕ್ಕಾ, ಹೀಗೆ ಮಾಡಿ. ನಮೂನೆ 28ರಲ್ಲಿ ಕಲಬುರಗಿ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆದುಕೊಳ್ಳಿ. ಸಾಲ ಇರುವುದರಿಂದ ಬ್ಯಾಂಕಿನ ಒಪ್ಪಿಗೆ ಪತ್ರ ಮೊದಲು ಬೇಕು. ಸಮಯ ಹಿಡಿಯುವುದು ಅದೇ, ಈಗಲೇ ಅರ್ಜಿ ಕೊಡಿ. ಬಾಕಿ ದಂಡ ಇದ್ದರೆ ಕಟ್ಟಿ. ವಿಮೆ, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಲಿ. ಅಲ್ಲಿ ಗಾಡಿಯ ವಯಸ್ಸು ನೋಡಿ ತೆರಿಗೆ ಹಾಕಿ ಹೊಸ ಟಿಜಿ ನಂಬರ್ ಕೊಡುತ್ತಾರೆ. ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಿದ್ದೀರಲ್ಲ, ಅದರಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಲು ಹಕ್ಕಿದೆ. ಅಲ್ಲಿ ನೋಂದಣಿ ಆದ ಮೇಲೆ ಆ ದಾಖಲೆ ತಂದು ಇಲ್ಲಿನ ಆರ್‌ಟಿಒದಲ್ಲಿ ಅರ್ಜಿ ಹಾಕಬೇಕು. ಬಹಳ ಜನ ಈ ಹಣ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಅದು ನಿಮ್ಮ ದುಡ್ಡು.

ಲೈಸೆನ್ಸ್ ದೇಶದೆಲ್ಲೆಡೆ ನಡೆಯುತ್ತದೆ, ಅದರ ಚಿಂತೆ ಬೇಡ. ಮುಂದೆ ಹೊಸ ಗಾಡಿ ಕೊಂಡರೆ, ರಾಜ್ಯ ಬದಲಿಸಿದರೂ ಬದಲಿಸಬೇಕಿಲ್ಲದ ಬಿಎಚ್ ನಂಬರ್ ಕೇಳಿ ನೋಡಿ. ಖಾಸಗಿ ಕಂಪನಿಯವರಿಗೆ ಅದು ಸಿಗಬೇಕಾದರೆ ಕಂಪನಿಗೆ 4 ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರಬೇಕು.

ಚಿಂಚೋಳಿ ಕಾಕಾ

ವೋಟು ಮಾತ್ರ ಊರಲ್ಲೇ ಇಟ್ಟುಕೊಳ್ಳಿ ತಂಗಿ. ಪಂಚಾಯಿತಿ ಚುನಾವಣೆಗೆ ಒಂದು ವೋಟೂ ಲೆಕ್ಕ.

ಲಿಂಗಂಪಲ್ಲಿಯವ

ಕಾಕಾ, ನಿಮ್ಮ ಪ್ರೀತಿ ಗೊತ್ತು. ಆದರೆ ವಾಸ ಇರುವ ಕಡೆ ಮಾತ್ರ ಹೆಸರಿರಬೇಕು ಅಂತ ಕಾನೂನು ಇದೆ, ಎರಡು ಕಡೆ ಇರುವಂತಿಲ್ಲ. ನಮೂನೆ 8 ತುಂಬಿದರೆ ಹೆಸರು ವರ್ಗ ಆಗುತ್ತದೆ. ನಮ್ಮ ಮನೆ ಮುಂದಿನ ರಸ್ತೆ, ನೀರು, ಮಕ್ಕಳ ಶಾಲೆ ಎಲ್ಲಾ ಈಗ ಇಲ್ಲಿನವರ ಕೈಯಲ್ಲಿದೆ. ಅವರನ್ನು ಆರಿಸುವ ಮಾತೂ ನಮಗೆ ಬೇಕು. ಅತ್ತೆಯ ವೋಟು ಊರಲ್ಲೇ ಇರುತ್ತದಲ್ಲ.

ಗ್ಯಾಸ್ ಬಗ್ಗೆ ಚಿಕ್ಕದಾಗಿ: ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಕೊಟ್ಟು ಠೇವಣಿ ಮತ್ತು ವರ್ಗಾವಣೆ ಚೀಟಿ ತೆಗೆದುಕೊಳ್ಳಿ. ಈಗಿನ ಮನೆ ಬಾಡಿಗೆಯದಾದರೆ ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ. ಮುಂದೆ ಬರುವವರಿಗೆ ಅಡ್ಡಿ ಆಗಬಾರದು.

ಮನೆ ಹುಡುಕುವಾಗ ರೈಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಲಬುರಗಿಯಿಂದ ವಾಡಿ, ಸೇಡಂ, ತಾಂಡೂರು, ವಿಕಾರಾಬಾದ್ ಮೇಲೆ ಬರುವ ಹಲವು ಗಾಡಿಗಳು ಲಿಂಗಂಪಲ್ಲಿಯಲ್ಲಿ ನಿಲ್ಲುತ್ತವೆ. ಅತ್ತೆಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದರೆ ಊರಿನ ಇನ್ನೊಂದು ತುದಿಯಿಂದ ಹೊರಡುವುದಕ್ಕೂ ಇಲ್ಲಿಂದ ಹೊರಡುವುದಕ್ಕೂ ಬಹಳ ವ್ಯತ್ಯಾಸ ಇದೆ. ನಮ್ಮ ಕಡೆಯ ಜನ ಇಲ್ಲಿ ಜಾಸ್ತಿ ಇರುವುದಕ್ಕೆ ಅದೂ ಒಂದು ಕಾರಣ.

ಬ್ರಹ್ಮಪುರದ ಅಕ್ಕ

ಎಲ್ಲರಿಗೂ ಮನಸ್ಸು ತುಂಬಿ ನಮಸ್ಕಾರ. ಮನೆಯವರ ಜೊತೆ ಕೂತು ಮಾತಾಡಿದೆ. ಜೂನ್‌ಗೇ, ಮಗಳ 9ನೇ ತರಗತಿ ಶುರುವಿಗೇ ಹೋಗುತ್ತೇವೆ. ಮುಂದಿನ ವರ್ಷಕ್ಕೆ ತಳ್ಳುವ ಮಾತು ಬಿಟ್ಟೆವು. 371ಜೆ ಅರ್ಜಿ ಈ ವಾರ ಹಾಕುತ್ತೇವೆ. ಮಗನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯೇ ಇತ್ತು, ಅದನ್ನೂ ಸೇರಿಸಲು ಕೊಟ್ಟಿದ್ದೇವೆ. ಪೌತಿ ಖಾತೆಗೆ ಮನೆಯವರ ಅಣ್ಣತಮ್ಮಂದಿರು ಊರಿಗೆ ಬರಲು ಒಪ್ಪಿದ್ದಾರೆ.

ಕಾರಿನ ನಂಬರ್ ಬದಲಾದರೆ ಫಾಸ್ಟ್ಯಾಗ್ ಏನು ಮಾಡಬೇಕು ಅಣ್ಣಾ?

ಆರ್‌ಟಿಒ ಕೆಲಸ ಗೊತ್ತಿರುವವ

ಫಾಸ್ಟ್ಯಾಗ್ ಹಳೆ ನಂಬರಿಗೆ ಜೋಡಿಸಿರುತ್ತದೆ. ಹೊಸ ಆರ್‌ಸಿ ಬಂದ ಕೂಡಲೇ ಅದನ್ನು ಕೊಟ್ಟ ಬ್ಯಾಂಕಿಗೆ ಆರ್‌ಸಿ ಪ್ರತಿ ಕಳಿಸಿ ನಂಬರ್ ಬದಲಿಸಲು ಕೇಳಿ. ಆಗದಿದ್ದರೆ ಅದನ್ನು ಮುಚ್ಚಿಸಿ ಹೊಸದು ತೆಗೆದುಕೊಳ್ಳಿ. ವಿಮೆ ಕಂಪನಿಗೂ ಅವತ್ತೇ ಹೊಸ ನಂಬರ್ ಮತ್ತು ವಿಳಾಸ ತಿಳಿಸಿ, ಪಾಲಿಸಿಯಲ್ಲಿ ತಿದ್ದುಪಡಿ ಬರೆಸಿಕೊಳ್ಳಿ. ಎನ್‌ಒಸಿ ಸಿಕ್ಕ ಮೇಲೆ ತಿಂಗಳುಗಟ್ಟಲೆ ಇಟ್ಟುಕೊಂಡು ಕೂರಬೇಡಿ, ಬಾಡಿಗೆ ಕರಾರು ಕೈಗೆ ಬಂದ ವಾರದಲ್ಲೇ ಅಲ್ಲಿನ ಕಚೇರಿಗೆ ಹೋಗಿ. ಬ್ಯಾಂಕಿನ ಒಪ್ಪಿಗೆ ಪತ್ರದಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಸರಿ ಇದೆಯಾ ಅಂತ ಆರ್‌ಸಿ ಪಕ್ಕದಲ್ಲಿಟ್ಟು ನೋಡಿಕೊಳ್ಳಿ.